ಹನ್ನೆರಡನೆಯ ಪರೀಕ್ಷೆ

"ಗುರುಗಳೇ, ಒಂದು ಮಾತು ಸತ್ಯವೆಂದು ಮೂರು ಸಲ ಪರೀಕ್ಷಿಸಿ ನೋಡಿದ ಮೇಲೂ ಅದನ್ನು ಆಡಲು ಹಿಂಜರಿಯಬೇಕೇ?"

ಉತ್ತಯ್ಯನೆಂಬ ಶಿಷ್ಯ ಹೀಗೆ ಕೇಳಿದಾಗ ಗುರುಗಳು ಆಶ್ರಮದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾವ ಮಾತು?"

"ನಮ್ಮ ಅಡುಗೆಮನೆ ನೋಡಿಕೊಳ್ಳುತ್ತಾನಲ್ಲ, ಅವನ ವಿಷಯ. ಇಲ್ಲಿಗೆ ಬರುವ ಮೊದಲು ಅವನು ಆರು ವರ್ಷ ಜೈಲಿನಲ್ಲಿದ್ದ. ಅವನ ಊರಿನವರನ್ನು ಕೇಳಿದೆ, ಹೌದೆಂದರು. ಹಳೆಯ ಪತ್ರಿಕೆ ಹುಡುಕಿಸಿ ತೆಗೆಸಿದೆ, ಅದರಲ್ಲಿ ಹೆಸರಿದೆ. ಕೊನೆಗೆ ಬೇರೆ ಮಾತಿನ ನಡುವೆ ಅವನನ್ನೇ ಕೆಣಕಿ ನೋಡಿದೆ, ಮುಖ ಕಪ್ಪಿಟ್ಟಿತು. ನಾಳೆಯ ಸಭೆಯಲ್ಲಿ ಎಲ್ಲರೆದುರು ಹೇಳಿಬಿಡುತ್ತೇನೆ. ಒಂದಕ್ಷರವೂ ಸುಳ್ಳಿಲ್ಲ."

"ಸಭೆಯಲ್ಲಿ ಅವನ ಮಗಳೂ ಇರುತ್ತಾಳಲ್ಲವೇ?"

"ಇರುತ್ತಾಳೆ. ಪ್ರಾರ್ಥನೆ ಹೇಳಿಕೊಡುವವಳೇ ಅವಳು. ಆ ಆರು ವರ್ಷ ಅಪ್ಪ ದೂರದ ಊರಿನಲ್ಲಿ ದುಡಿಯುತ್ತಿದ್ದ ಎಂದುಕೊಂಡಿದ್ದಾಳೆ. ಆದರೆ ಸತ್ಯಕ್ಕೂ ಅವಳಿಗೂ ಏನು ಸಂಬಂಧ?"

ಗುರುಗಳು ಸುಲಿದ ಕಾಳನ್ನು ಒಂದು ಬದಿಗೆ ಸರಿಸಿದರು. "ಕುಳಿತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಬೆಟ್ಟದ ಸೀಮೆಯಲ್ಲಿ ಒಬ್ಬ ತೋಟಗಾರನಿದ್ದ. ಎಚ್ಚರಿಕೆಯ ಮನುಷ್ಯ. ಹಸು ಕೊಳ್ಳುವುದಿದ್ದರೆ ಮೂರು ಹೊತ್ತು ತಾನೇ ಹಾಲು ಕರೆದು ನೋಡುತ್ತಿದ್ದ. ಕೊಡಪಾನ ಕೊಳ್ಳುವುದಿದ್ದರೆ ನೀರು ತುಂಬಿಸಿ, ತಳ ಒದ್ದೆಯಾಗುವುದೋ ಎಂದು ಒಂದು ದಿನ ಕಾಯುತ್ತಿದ್ದ. "ಇವನು ಹೆಣ್ಣು ನೋಡಲು ಹೋದಾಗಲೂ ಪಟ್ಟಿ ಬರೆದುಕೊಂಡು ಹೋಗಿದ್ದನಂತೆ" ಎಂದು ಊರವರು ನಗುತ್ತಿದ್ದರು. ಅವನು ಸಿಟ್ಟಾಗುತ್ತಿರಲಿಲ್ಲ. ಬರೆದುಕೊಂಡು ಹೋದದ್ದು ನಿಜವೇ ಆಗಿತ್ತು.

ಆ ಸೀಮೆಯಲ್ಲಿ ಮನೆಮನೆಗೂ ಕೋವಿ ಇತ್ತು. ಬೇಟೆಗಿಂತ ದೊಡ್ಡ ಕೆಲಸವೂ ಅದಕ್ಕಿತ್ತು. ಗಂಡು ಮಗು ಹುಟ್ಟಿದರೆ ಆ ಮನೆಯಿಂದ ಒಂದು ಗುಂಡು ಹಾರಿಸುವುದು. ಯಾರಾದರೂ ತೀರಿಕೊಂಡರೆ ಎರಡು. ಎರಡು ಕೇಳಿಸಿದ ಮೇಲೆ ಯಾರೂ ಹೇಳಿಕಳುಹಿಸಲೆಂದು ಕಾಯುತ್ತಿರಲಿಲ್ಲ. ಕೈಯಲ್ಲಿದ್ದ ಕತ್ತಿಯನ್ನು ಅಲ್ಲೇ ಬಿಟ್ಟು, ಸದ್ದು ಬಂದ ಮನೆಯ ಕಡೆಗೆ ಹೊರಟುಬಿಡುತ್ತಿದ್ದರು. ಆ ಕಣಿವೆಗೆ ಆಗಿನ್ನೂ ಫೋನು ಬಂದಿರಲಿಲ್ಲ.

ವರ್ಷಕ್ಕೊಮ್ಮೆ ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತಿತ್ತು. ತೋಟಗಾರ ಮೂರು ವರ್ಷ ಸೋತಿದ್ದ. ಒಳ್ಳೆಯದೊಂದು ಕ್ರೀಡಾ ರೈಫಲ್ ಬೇಕೆಂದು ಅವನಿಗೆ ಆಸೆ. ಅವನ ಹೆಂಡತಿಯ ಹಿರಿಯಣ್ಣ ಸೈನ್ಯದಿಂದ ನಿವೃತ್ತನಾಗಿ ಬಂದ ಸುಬೇದಾರ. ಅವನ ಬಳಿ ಅಂಥದೊಂದು ಇತ್ತು. ಒಂದು ಗುಂಡು ಹಾರಿದ ಕೂಡಲೇ ಮುಂದಿನದು ತಾನಾಗಿ ಬಂದು ಕೂರುವ ಅರೆ ಸ್ವಯಂಚಾಲಿತ ರೈಫಲ್. ಸುಬೇದಾರನ ಕಣ್ಣಿಗೆ ಪೊರೆ ಬಂದಿತ್ತು. ಮಾರಲು ಒಪ್ಪಿದ್ದ.

ಸುಬೇದಾರನ ಮನೆ ಹೊಳೆಯಾಚೆ. ನಡುವೆ ಎರಡು ದಿಮ್ಮಿ ಹಾಸಿದ ಸಂಕ. ಕೂಗಿದರೆ ಕೇಳಿಸದ, ಗುಂಡು ಹಾರಿದರೆ ಕೇಳಿಸುವ ದೂರ. ಆ ಮನೆಯ ಒಳಕೋಣೆಯಲ್ಲಿ ತೋಟಗಾರನ ಮಾವ ಹದಿನೇಳು ದಿನಗಳಿಂದ ಹಾಸಿಗೆ ಹಿಡಿದಿದ್ದರು. ಇತ್ತ ತೋಟಗಾರನ ಹೆಂಡತಿಗೆ ಎಂಟು ತಿಂಗಳು. ಎರಡು ಬಸಿರು ಕೈತಪ್ಪಿದ ಮೇಲೆ ನಿಂತ ಮೂರನೆಯದು. ಅಂಗಳದ ಮೆಟ್ಟಿಲನ್ನೂ ಇಳಿಯಕೂಡದೆಂದು ಸೂಲಗಿತ್ತಿ ಹೇಳಿದ್ದಳು. ತಂದೆಯನ್ನು ನೋಡಲು ಹೋಗಲಾರದೆ ಅವಳು ದಿನವೆಲ್ಲ ಹೊಳೆಯ ಕಡೆಗೇ ಕಿವಿಯಿಟ್ಟಿರುತ್ತಿದ್ದಳು.

ಅವನು ಹೊರಟು ನಿಂತಾಗ ಅವಳು ಕೇಳಿದ್ದಳು: "ಅಲ್ಲಿ ಗುಂಡು ಹಾರಿಸುತ್ತೀರಾ?"

"ಇಲ್ಲ ಮಾರಾಯ್ತಿ. ಇವತ್ತು ಬರೀ ನೋಡುವುದು. ಹಾರಿಸುವುದು ಭಾನುವಾರ, ಪಂದ್ಯದ ಮೈದಾನದಲ್ಲಿ."

ತೋಟಗಾರ ಸುಬೇದಾರನ ಮನೆ ಸೇರಿ, ಮಾವನ ಹಣೆ ಮುಟ್ಟಿ ನೋಡಿ, ಹಿತ್ತಲಿಗೆ ಬಂದು ಪುಸ್ತಕ ತೆರೆದ. ಹನ್ನೆರಡು ಪರೀಕ್ಷೆಗಳನ್ನು ಬರೆದುಕೊಂಡು ಬಂದಿದ್ದ. ಮೊದಲು ಕೋವಿಯಿಂದ ಗುಂಡಿನ ಪೆಟ್ಟಿಗೆಯನ್ನು ಕಳಚಿದ. ಪೆಟ್ಟಿಗೆ ತೆಗೆದರೂ ಒಳಗೆ ಗುಂಡಿನ ತೋಟೆ ಒಂದು ಉಳಿದಿರಬಹುದೆಂದು ಕಿರುಬೆರಳಿಟ್ಟು ತಡವಿದ. ಲೈಸೆನ್ಸಿನಲ್ಲಿದ್ದ ನಂಬರನ್ನೂ ಕಬ್ಬಿಣದ ಮೇಲಿನ ನಂಬರನ್ನೂ ಅಂಕಿಗೆ ಅಂಕಿ ಹೋಲಿಸಿ ನೋಡಿದ. ನಳಿಗೆಯ ಹಿಂದೆ ಬಿಳಿ ಕಾಗದ ಹಿಡಿದು ಬೆಳಕಿಗೆ ಕಣ್ಣಿಟ್ಟ. ಒಳಗೆ ತುಕ್ಕಿಲ್ಲ, ಉಬ್ಬಿಲ್ಲ. ತಿರುಪುಗಳ ತಲೆ ಸವೆದಿದೆಯೇ, ಯಾರಾದರೂ ಬಿಚ್ಚಿ ಮತ್ತೆ ಕೂರಿಸಿದ್ದಾರೆಯೇ ಎಂದು ನೋಡಿದ. ಮರದ ಹಿಡಿಯಲ್ಲಿ ಬಿರುಕಿದೆಯೇ ಎಂದು ಉಗುರಿನಿಂದ ಎಳೆದು ನೋಡಿದ. ಸೇಫ್ಟಿ ಹಾಕಿ ಟ್ರಿಗರ್ ಒತ್ತಿದ, ಕದಲಲಿಲ್ಲ. ಒಂದೊಂದಕ್ಕೂ ಪುಸ್ತಕದಲ್ಲಿ ಗುರುತು ಹಾಕಿದ.

ಸುಬೇದಾರ ಕಂಬಕ್ಕೆ ಒರಗಿ ನೋಡುತ್ತಿದ್ದ. "ಇದರ ಜಾತಕ ತಂದುಕೊಡಲೇ ಭಾವ?" ಎಂದ.

"ನನ್ನ ಪಟ್ಟಿಯಲ್ಲಿ ಗೆದ್ದವಳು ನಿಮ್ಮ ತಂಗಿ. ಪಟ್ಟಿಯನ್ನು ಆಡಿಕೊಳ್ಳಬೇಡಿ."

ಹನ್ನೊಂದು ಗುರುತು ಬಿದ್ದವು. ಹನ್ನೆರಡನೆಯ ಸಾಲು ಹೀಗಿತ್ತು: "ಒಳಗಿನ ಭಾಗ ಸವೆದಿದ್ದರೆ ಒಂದು ಸಲ ಒತ್ತಿದಾಗ ಎರಡು ಗುಂಡು ಹಾರಬಹುದು. ಎರಡೇ ತೋಟೆ ಹಾಕಿ ಹಾರಿಸಿ ನೋಡುವುದು."

ಈ ಸಾಲು ಭಾನುವಾರಕ್ಕೆ ಉಳಿಯಬೇಕಾಗಿತ್ತು. ಮುಂದಿನ ಜಾಗ ಖಾಲಿಯಿರುವುದನ್ನು ಅವನು ಒಮ್ಮೆ ನೋಡಿದ; ಇನ್ನೊಮ್ಮೆ ನೋಡಿದ. ಹನ್ನೊಂದು ಸರಿಯಿದ್ದು ಹನ್ನೆರಡನೆಯದು ಗೊತ್ತಿಲ್ಲದ ವಸ್ತುವಿನ ಬಗ್ಗೆ ಮೂರು ದಿನ ನಿದ್ದೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಎರಡು ತೋಟೆ ಕೊಡಿ" ಎಂದ.

"ಒಂದು ಸಾಲದೇ? ಅಪ್ಪ ಒಳಗೆ ಮಲಗಿದ್ದಾರೆ."

"ಒಂದರಿಂದ ಏನೂ ತಿಳಿಯುವುದಿಲ್ಲ. ಈ ಕೋವಿಯ ಗುಣವೆಲ್ಲ ಎರಡನೆಯದರಲ್ಲಿದೆ. ಅದು ಸರಿಯಾಗಿ ಬಂದು ಕೂರುತ್ತದೋ, ಕೇಳದೆಯೇ ಹಾರುತ್ತದೋ ನೋಡಬೇಕು."

ಸುಬೇದಾರನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಇಪ್ಪತ್ತೆಂಟು ವರ್ಷ ಊರ ಹೊರಗಿದ್ದವನು. ತಂದು ಕೊಟ್ಟ.

ತೋಟಗಾರ ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಎದುರಾಗಿ ನಿಂತ. ಹಿಂದೆ ಮುಂದೆ ಜನವಿಲ್ಲ, ದನವಿಲ್ಲ ಎಂದು ನೋಡಿಕೊಂಡ. ಒತ್ತಿದ. ಗುಂಡು ಹಾರಿತು. ಎರಡನೆಯದು ಕೇಳದೆ ಹಾರಲಿಲ್ಲ. ಬೆರಳು ಸಡಿಲಿಸಿ, ಒಂದು ಉಸಿರೆಳೆದು, ಮತ್ತೆ ಒತ್ತಿದ. ಅದೂ ಹಾರಿತು. ಸವೆತವಿಲ್ಲ, ತಡೆಯಿಲ್ಲ. ಕೋವಿ ಬರಿದಾದದ್ದನ್ನು ಬೆರಳಿಟ್ಟು ನೋಡಿ, ಪುಸ್ತಕ ತೆರೆದು ಹನ್ನೆರಡನೆಯ ಗುರುತು ಹಾಕಿದ.

ಆಗ ಒಳಕೋಣೆಯಿಂದ ಮಾವನ ದನಿ ಬಂತು. "ಯಾರಪ್ಪಾ ಹೋದದ್ದು?"

ಇಬ್ಬರೂ ಒಳಕೋಣೆಯ ಕಿಟಕಿಯತ್ತ ತಿರುಗಿದರು.

"ಸದ್ದು ನಮ್ಮ ಹಿತ್ತಲಿನದೇ. ಈ ಮನೆಯಲ್ಲಿ ಹೋಗಬೇಕಾದವನು ನಾನೊಬ್ಬನೇ ಅಲ್ಲವೇ?"

ಮೇಲಿನ ತೋಟದಲ್ಲಿ ಮರ ಕಡಿಯುತ್ತಿದ್ದ ಸದ್ದು ನಿಂತಿತು. ಎಲ್ಲೋ ಒಬ್ಬ ಇನ್ನೊಬ್ಬನನ್ನು ಕೂಗಿ ಕರೆದ. ಬೇಲಿಯ ಗೇಟು ತೆರೆದ ಸದ್ದು. ಸುಬೇದಾರನಿಗೆ ಈಗ ಹೊಳೆಯಿತು.

"ಭಾವ, ಇನ್ನೊಂದು ಹಾರಿಸಿಬಿಡೋಣ. ತಪ್ಪಾಯಿತೆಂದು ತಿಳಿಯಲಿ."

"ಒಂದಕ್ಕೆ ಹುಟ್ಟು. ಎರಡಕ್ಕೆ ಸಾವು. ಯಾರೂ ಸತ್ತಿಲ್ಲ ಎನ್ನಲು ನಮ್ಮಲ್ಲಿ ಗುಂಡಿಲ್ಲ" ಎಂದ ತೋಟಗಾರ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಹೊಳೆಯ ಕಡೆಗೆ ತಿರುಗಿದ. ಹೊರಡುವಾಗ ಹೆಂಡತಿಗೆ ಹೇಳಿಬಂದದ್ದು ನೆನಪಾಯಿತು: ಇವತ್ತು ಬರೀ ನೋಡುವುದು.

ಓಡಿದ. ಕೋವಿ ಕೈಯಲ್ಲೇ ಇತ್ತು, ಇಡಬೇಕೆಂದು ತೋಚಲಿಲ್ಲ. ಇಳಿಜಾರಿನ ದಾರಿಯಲ್ಲಿ ನೆರೆಯವರು ಏರಿ ಬರುತ್ತಿದ್ದರು. ಸಾವಿನ ಮನೆಯ ಕಡೆಯಿಂದ ಅಳಿಯ ಕೋವಿ ಹಿಡಿದು ಓಡಿ ಬರುವುದನ್ನು ಕಂಡು ಒಬ್ಬ ಮುದುಕಿ ದಾರಿ ಬಿಟ್ಟು ನಿಂತಳು.

"ಅಯ್ಯೋ ಪಾಪಿ, ಮಾವನಿಗೇ ಹೊಡೆದೆಯೇನೋ? ಇನ್ನು ನಾಲ್ಕು ದಿನ ಕಾದಿದ್ದರೆ ತಾವೇ ಹೋಗುತ್ತಿದ್ದರಲ್ಲೋ!"

"ಯಾರೂ ಸತ್ತಿಲ್ಲ ಅಜ್ಜಿ! ಯಾರೂ ಸತ್ತಿಲ್ಲ!"

"ಮತ್ತೆ ಯಾಕೆ ಓಡುತ್ತೀ?"

ಅವನು ನಿಲ್ಲಲಿಲ್ಲ. ಪ್ರತಿ ತಿರುವಿನಲ್ಲೂ ಯಾರಾದರೂ ಸಿಕ್ಕರು, ಪ್ರತಿಯೊಬ್ಬರಿಗೂ ಅದನ್ನೇ ಕೂಗಿದ. ಯಾರೂ ನಂಬಲಿಲ್ಲ. ಎರಡು ಗುಂಡಿನ ಮಾತಿನೆದುರು ಒಬ್ಬ ಮನುಷ್ಯನ ಮಾತು ಎಷ್ಟರದು? ಕಾಲು ಓಡುತ್ತಿತ್ತು, ಮನಸ್ಸು ಲೆಕ್ಕ ಹಾಕುತ್ತಿತ್ತು. ಅವಳು ಜಗಲಿಯಲ್ಲಿದ್ದರೆ ಸಂಕಕ್ಕೆ ಇಷ್ಟು ಹೊತ್ತು. ಒಳಗೆ ಮಲಗಿದ್ದರೆ ಇನ್ನೊಂದಿಷ್ಟು. ಮಲಗಿರಲಿ ದೇವರೇ, ಇವತ್ತೊಂದು ದಿನ ಕಿವಿ ಕೊಡದೆ ಮಲಗಿರಲಿ.

ಹೊಳೆಯ ದಂಡೆಗೆ ಬಂದಾಗ ಅವಳು ಸಂಕದ ಮೇಲಿದ್ದಳು.

ಆಚೆಯ ಅರ್ಧ ದಾಟಿಯಾಗಿತ್ತು. ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಕೈ ಗಾಳಿಯಲ್ಲಿ. ದಿಮ್ಮಿಯ ಮೇಲೆ ಪಾಚಿ ಕಟ್ಟಿತ್ತು. ಅವಳ ಕಣ್ಣು ತುಂಬಿತ್ತು. ಕಾಲಿಡುವ ಜಾಗ ಅವಳಿಗೆ ಕಾಣುತ್ತಿರಲಿಲ್ಲ. ಅವನು ಬಂದದ್ದೂ ಕಂಡಿರಲಿಲ್ಲ. "ಅಪ್ಪಾ, ಅಪ್ಪಾ" ಎಂದು ಹೆಜ್ಜೆಗೊಂದು ಸಲ ಹೇಳಿಕೊಂಡು ಬರುತ್ತಿದ್ದಳು.

ತೋಟಗಾರ ಬಾಯಿ ತೆರೆದ. ನಿನ್ನ ಅಪ್ಪ ಬದುಕಿದ್ದಾರೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅದು ಸತ್ಯವಾಗಿತ್ತು, ಒಳ್ಳೆಯ ಸುದ್ದಿಯೂ ಆಗಿತ್ತು. ಆದರೆ ಈಗ ಕೂಗಿದರೆ ಅವಳು ಬೆಚ್ಚಿ ತಲೆಯೆತ್ತುತ್ತಾಳೆ. ಕೂಗದಿದ್ದರೆ ಕಾಣದ ಕಣ್ಣಿನಲ್ಲೇ ಇನ್ನೂ ಎಂಟು ಹೆಜ್ಜೆ ಇಡಬೇಕು. ಅವನು ಕೋವಿಯನ್ನು ಸದ್ದಾಗದಂತೆ ಹುಲ್ಲಿನ ಮೇಲಿಟ್ಟ. ತೆರೆದ ಬಾಯಿ ತೆರೆದೇ ಇತ್ತು. ಹನ್ನೆರಡು ಪರೀಕ್ಷೆ ಬರೆದವನು ಹದಿಮೂರನೆಯದನ್ನು, ಕೇಳುವವಳ ಕಾಲು ಎಲ್ಲಿದೆ ಎಂಬುದನ್ನು, ಈಗ, ಅಲ್ಲಿ ನಿಂತು, ಮೊದಲ ಸಲ ಮಾಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ಅವರೆಕಾಯಿಗೆ ಕೈಹಾಕಿದರು. ಉತ್ತಯ್ಯ ಕಾದ. ಒಂದು ಕಾಯಿ ಸುಲಿದರು, ಇನ್ನೊಂದು ಸುಲಿದರು. ಅವನಿಗೆ ತಡೆಯಲಾಗಲಿಲ್ಲ.

"ಆಮೇಲೆ? ಅವಳು ದಾಟಿದಳೇ, ಗುರುಗಳೇ?"

"ಅವಳಿನ್ನೂ ಸಂಕದ ನಡುವೆಯೇ ಇದ್ದಾಳೆ, ಉತ್ತಯ್ಯ. ನಿನ್ನ ಸಭೆ ಇರುವುದು ನಾಳೆ."