ಹುರುಳಿ ಹರವಿದ ತಿರುವು

“ಮೇಷ್ಟ್ರೇ, ತಿರುವಲ್ಲಿ ಹೊಸ ಕಾರಿನ ಟೈರಿನ ಹಿಡಿತ ಎಲ್ಲಿಗೆ ಮುಗಿಯುತ್ತೆ ಅಂತ ತಿಳಿಯೋದು ಹೇಗೆ?”

ಕೇಳಿದವನು ಓಬಳೇಶ. ಅವನು ಕಾರು ಕೊಂಡು ಹನ್ನೊಂದು ದಿನವಾಗಿತ್ತು. ಕೇಳಿಸಿಕೊಂಡವರು ಪೀರ್ ಸಾಬರು. ಮೂವತ್ತು ವರ್ಷ ಬಸ್ಸು ಓಡಿಸಿ, ಆಮೇಲೆ ಊರಿನ ಹುಡುಗರಿಗೆ ಡ್ರೈವಿಂಗ್ ಕಲಿಸುತ್ತ ಕೂತವರು. ಸುತ್ತಲ ಏಳೆಂಟು ಹಳ್ಳಿಗಳಲ್ಲಿ ಸ್ಟೇರಿಂಗ್ ಹಿಡಿದ ಕೈಗಳಲ್ಲಿ ಮುಕ್ಕಾಲು ಪಾಲು ಅವರ ಏಟು ತಿಂದ ಕೈಗಳೇ. ಓಬಳೇಶನದೂ ಅದರಲ್ಲಿ ಸೇರಿತ್ತು.

“ನಿನಗೇನನ್ನಿಸುತ್ತೆ?” ಎಂದರು ಮೇಷ್ಟ್ರು.

“ನನ್ನ ಕೇಳಿದರೆ ಜಾರಿಸಿಯೇ ನೋಡಬೇಕು. ಸ್ಪೀಡು ಐದೈದೇ ಏರಿಸಿಕೊಂಡು ಹೋದರೆ ಟೈರು ತಾನಾಗಿ ಬಾಯಿ ಬಿಡುತ್ತೆ. ಅಲ್ಲಿಗೆ ಒಂದು ಗೆರೆ ಎಳೆದುಬಿಟ್ಟರೆ ಮುಗೀತು. ಆಮೇಲೆ ನನ್ನ ಹಿಂದೆ ಹಾಕೋ ಗಂಡು ಈ ತಾಲ್ಲೂಕಲ್ಲಿ ಯಾರಿದಾನೆ ಹೇಳಿ?”

ಮೇಷ್ಟ್ರು ನಗಲಿಲ್ಲ. ಗದರಲೂ ಇಲ್ಲ. “ಕೂತ್ಕೋ” ಎಂದರು. ಓಬಳೇಶ ಕಾರಿನ ಕೀಲಿಕೈಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಕೂತ. ಮೇಷ್ಟ್ರು ಈ ಕತೆ ಹೇಳಿದರು.

ಒಬ್ಬ ರೈತ ಕಾರು ಕೊಂಡ. ಆ ಊರಿನಲ್ಲಿ ಅದೇ ಮೊದಲನೆಯದು.

ರೈತ ಹುಂಬನಲ್ಲ. ಮೊದಲ ದಿನವೇ ಹುಚ್ಚುಕುದುರೆಯ ಹಾಗೆ ಓಡಿಸಲಿಲ್ಲ. ಹೋರಿಯನ್ನು ನೊಗಕ್ಕೆ ಪಳಗಿಸುವವನಂತೆ ತಾಳ್ಮೆಯಿಂದ ಶುರುಮಾಡಿದ. ಊರಾಚೆ, ಗುಡ್ಡವನ್ನು ಬಳಸಿಕೊಂಡು ಹೋಗುವ ಒಂದು ದೊಡ್ಡ ತಿರುವಿತ್ತು. ಡಾಂಬರು ಚೆನ್ನಾಗಿತ್ತು, ಅಗಲವಿತ್ತು, ಎದುರು ಬರುವ ಗಾಡಿ ದೂರದಿಂದಲೇ ಕಾಣುತ್ತಿತ್ತು. ಅದನ್ನೇ ತನ್ನ ಪಾಠಶಾಲೆ ಮಾಡಿಕೊಂಡ.

ಮೊದಲ ದಿನ ನಲವತ್ತರಲ್ಲಿ ತಿರುಗಿಸಿದ. ಟೈರು ಸುಮ್ಮನಿತ್ತು. ನಾಲ್ಕನೆಯ ದಿನ ಐವತ್ತಕ್ಕೆ ಹೋದ. ಆಗಲೂ ಸುಮ್ಮನಿತ್ತು. ಐವತ್ತೈದಕ್ಕೆ ಸಣ್ಣಗೆ ಕುಂಯ್‌ಗುಟ್ಟಿತು. ಅರವತ್ತಕ್ಕೆ ಕೂಗಿತು. ಅರವತ್ತೈದಕ್ಕೆ ಗಟ್ಟಿಯಾಗಿ ಕಿರುಚಿತು, ಕಾರಿನ ಮೂತಿ ಒಂದು ಮೊಳ ಹೊರಕ್ಕೆ ಸರಿಯಿತು. ಅವನು ಕಾಲು ಸಡಿಲಿಸಿದ. ಮೂತಿ ಮತ್ತೆ ದಾರಿಗೆ ಬಂತು.

ಆವತ್ತು ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೆರೆ ಸಿಕ್ಕಿತ್ತು. ಮುಂದಿನ ಒಂದು ತಿಂಗಳಲ್ಲಿ ಉಳಿದ ಗೆರೆಗಳನ್ನೂ ಹುಡುಕಿಕೊಂಡ. ಬೆಳಗಿನ ತಣ್ಣನೆಯ ಟೈರಿಗೆ ಎಷ್ಟು, ಮಧ್ಯಾಹ್ನ ಕಾದ ಟೈರಿಗೆ ಎಷ್ಟು, ಒಬ್ಬನೇ ಇದ್ದರೆ ಎಷ್ಟು, ಹಿಂದೆ ನಾಲ್ಕು ಮೂಟೆ ಹೇರಿದ್ದರೆ ಎಷ್ಟು, ಎಲ್ಲವೂ ಬಾಯಿಪಾಠವಾಯಿತು. ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಬಾಗಿಲಿಗೆ ಒರಗಿ ನಿಂತು ಹೇಳುತ್ತಿದ್ದ:

“ನನ್ನ ಕಾರು ನನಗೆ ಹೇಳದೆ ಜಾರಲ್ಲ.”

“ಪುಣ್ಯವಂತ ಕಣಪ್ಪ ನೀನು” ಎಂದ ಟೀ ಅಂಗಡಿಯವನು. “ನಮ್ಮನೇಲಿ ಒಬ್ಬಳಿದಾಳೆ, ಹೇಳದೇ ಕೇಳದೇ ತೌರಿಗೆ ಹೋಗಿಬಿಡ್ತಾಳೆ.”

ಎಲ್ಲರೂ ನಕ್ಕರು. ರೈತ ಎಲ್ಲರಿಗಿಂತ ಜೋರಾಗಿ ನಕ್ಕ.

ಅವನಿಗೂ ಹೆಂಡತಿಯಿದ್ದಳು. ಪಕ್ಕದ ಸೀಟಿನಲ್ಲಿ ಅವಳು ಕೂತಾಗಲೂ ಈ ಅಭ್ಯಾಸ ನಿಲ್ಲಲಿಲ್ಲ. ತಿರುವು ಬಂದರೆ ಅವಳು ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಕೆಯನ್ನೂ ಇನ್ನೊಂದು ಕೈಯಲ್ಲಿ ಸೀಟನ್ನೂ ಹಿಡಿದುಕೊಳ್ಳುತ್ತಿದ್ದಳು.

“ರೀ, ನಿಧಾನ. ಅದು ಕಿರುಚ್ತಾ ಐತೆ, ಕೇಳ್ಸಲ್ವಾ ನಿಮಗೆ?”

“ಕಿರುಚೋದಲ್ಲ ಕಣೇ, ಮಾತಾಡೋದು. ಇನ್ನೂ ಐದು ಬಾಕಿ ಐತೆ ಅಂತ ಹೇಳ್ತಾ ಐತೆ.”

“ನಾನೂ ಆವಾಗಿಂದ ಮಾತಾಡ್ತಾನೇ ಇದೀನಿ. ನನಗೆಷ್ಟು ಬಾಕಿ ಐತೆ ಅಂತ ಕೇಳಿದೀರಾ?”

ಅವನಿಗೆ ಆ ಮಾತು ಬಹಳ ಹಿಡಿಸಿತು. ಮಾರನೆಯ ದಿನ ಟೀ ಅಂಗಡಿಯಲ್ಲಿ ಅದನ್ನೂ ಹೇಳಿ ಜನರನ್ನು ನಗಿಸಿದ. ಹೇಳಿದ್ದು ಸಂಜೆಯೊಳಗೆ ಅವಳ ಕಿವಿಗೂ ಬಿತ್ತು.

ಅವಳು ಬೈದಳು. ಮುನಿಸಿಕೊಂಡಳು. ಒಂದು ಸಲ ಅತ್ತಳು. ಇನ್ನೊಂದು ಸಲ ತಿರುವಿಗೆ ಮುಂಚೆಯೇ ಕಾರು ನಿಲ್ಲಿಸಬೇಕೆಂದು ಹಟ ಹಿಡಿದು ಇಳಿದಳು. ಇಡೀ ತಿರುವನ್ನು ಬಿಸಿಲಿನಲ್ಲಿ ನಡೆದು ದಾಟಿದಳು. ಅವನು ಆಚೆ ಕಡೆ ಕಾದು ನಿಂತು, ಅವಳು ಬರುವುದು ಕಂಡೊಡನೆ ಮದುವೆ ದಿಬ್ಬಣಕ್ಕೆ ಬಾರಿಸುವ ಹಾಗೆ ಹಾರ್ನ್ ಬಾರಿಸಿದ. ಅವಳು ಹತ್ತಿ ಕೂತಳು.

ಅದಾದ ಮೇಲೆ ಅವಳು ಸುಮ್ಮನಾದಳು. ಮುಂದಿನ ಸಲ ತಿರುವಿನಲ್ಲಿ ಟೈರು ಕೂಗಿದಾಗ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಅದರ ಮುಂದಿನ ಸಲವೂ ಹಾಗೆಯೇ. ಹಿಡಿಕೆ ಹಿಡಿಯುವುದನ್ನೂ ಬಿಟ್ಟಿದ್ದಳು. ರೈತನಿಗೆ ನಿರಾಳವಾಯಿತು. ಅಂತೂ ರೂಢಿಯಾಯಿತಲ್ಲ ಎಂದುಕೊಂಡ.

ಹುರುಳಿ ಕೊಯ್ಲು ಬಂತು. ಆ ಸೀಮೆಯಲ್ಲಿ ಈಗ ಕಣ ಮಾಡುವವರಿಲ್ಲ. ಒಣಗಿದ ಹುರುಳಿ ಬಳ್ಳಿಯನ್ನು ತಂದು ಡಾಂಬರು ರಸ್ತೆಗೆ ಹರವುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಅದರ ಮೇಲೆ ಹಾದುಹೋಗುತ್ತವೆ. ಸಂಜೆಗೆ ಬಳ್ಳಿ ಹೊಟ್ಟಾಗಿ ಕಾಳು ಕೆಳಗಿಳಿದಿರುತ್ತದೆ. ಯಾರೇ ಹರವಿದರೂ ನೆಟ್ಟಗಿನ ರಸ್ತೆಯಲ್ಲೇ ಹರವುವುದು ಅಲ್ಲಿನ ವಾಡಿಕೆ.

ರೈತ ಆ ವರ್ಷ ತಿರುವಿನಲ್ಲಿ ಹರವಲು ಹೊರಟ. ನೆಟ್ಟಗೆ ಹೋಗುವ ಚಕ್ರ ಬಳ್ಳಿಯನ್ನು ಬರೀ ತುಳಿಯುತ್ತದೆ, ತಿರುಗುವ ಚಕ್ರ ಉಜ್ಜುತ್ತದೆ ಎಂಬುದು ಅವನು ಕಂಡುಕೊಂಡಿದ್ದ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ತಿರುವಿನಲ್ಲಿ ಕಾಳು ಬೇಗ ಬಿಡುತ್ತದೆ. ಇಷ್ಟು ವರ್ಷ ಒಕ್ಕಿದ ಹಿರಿಯರಿಗೆ ಹೊಳೆಯದ್ದು ತನಗೆ ಹೊಳೆಯಿತು ಎಂದು ಅವನಿಗೆ ಹೆಮ್ಮೆಯೂ ಆಯಿತು.

ಪಕ್ಕದ ಹೊಲದ ಮುದುಕ ತಡೆದ. “ತಿರುವಲ್ಲಿ ಬೇಡ ಕಣಪ್ಪಾ. ಗಾಡಿಗಳು ಜಾರ್ತವೆ.”

“ಓಡ್ಸೋಕೆ ಬರದೋರ ಗಾಡಿ ಜಾರ್ತವೆ ಬಿಡು, ದೊಡ್ಡಪ್ಪ.”

ಹೆಂಡತಿ ಅಲ್ಲೇ ಇದ್ದಳು. ಬೇರೆ ವರ್ಷವಾಗಿದ್ದರೆ ಮುದುಕನಿಗಿಂತ ಮೊದಲು ಅವಳೇ ಬಾಯಿ ಹಾಕುತ್ತಿದ್ದಳು. ಈಗ ಕೇಳಿಸಿಕೊಂಡು, ಬಳ್ಳಿಯ ಹೊರೆಯನ್ನು ಬಿಗಿದು ಕಟ್ಟಿದಳು.

ಆಳುಗಳಿಗೆ ಹರವಲು ಹೇಳಿ, ಗಂಡಹೆಂಡಿರು ಪಕ್ಕದ ಊರಿನ ಒಂದು ನಾಮಕರಣಕ್ಕೆ ಹೋದರು. ಊಟ ಮುಗಿಸಿ ಮಧ್ಯಾಹ್ನ ಹಿಂತಿರುಗಿದರು. ತಿರುವು ಬಂತು. ರಸ್ತೆಯ ಉದ್ದಕ್ಕೂ ಅವನದೇ ಹುರುಳಿ ಬಿದ್ದಿತ್ತು. ಬೆಳಗಿನಿಂದ ಹಾದುಹೋದ ಚಕ್ರಗಳಿಗೆ ಬಳ್ಳಿ ನುಣ್ಣಗಾಗಿತ್ತು. ಅಡಿಯಲ್ಲಿ ಕಾಳು ಹಾಸಿಕೊಂಡಿತ್ತು.

ಅವನು ನೋಡಲಿಲ್ಲ ಎನ್ನುವಂತಿಲ್ಲ. ನೋಡಿದ, ಯೋಚಿಸಿದ. ಅರವತ್ತರಿಂದ ಐವತ್ತಕ್ಕೆ ಇಳಿಸಿದ. ಐವತ್ತರಲ್ಲಿ ಈ ತಿರುವಿನಲ್ಲಿ ಟೈರು ಯಾವತ್ತೂ ಕೂಗಿದ್ದಿಲ್ಲ. ಹೆಚ್ಚುಕಡಿಮೆಯಾದರೆ ಕೂಗುತ್ತದೆ, ಕೂಗಿದರೆ ಕಾಲು ಸಡಿಲಿಸಿದರಾಯಿತು. ಹೀಗೆಂದುಕೊಂಡು ಕಿವಿಯನ್ನು ಟೈರಿನ ಕಡೆ ಕೊಟ್ಟು ಸ್ಟೇರಿಂಗ್ ತಿರುಗಿಸಿದ.

ಟೈರು ಕೂಗಲಿಲ್ಲ. ಸ್ಟೇರಿಂಗ್ ನೀರಿನಲ್ಲಿ ಕೈಯಾಡಿಸಿದಷ್ಟು ಹಗುರವಾಯಿತು. ಅವನು ಕೂಗಿಗೆ ಕಾದ. ಇನ್ನಷ್ಟು ತಿರುಗಿಸಿ ಕಾದ. ರಸ್ತೆ ಬಲಕ್ಕೆ ತಿರುಗಿತು. ಕಾರು ಸದ್ದಿಲ್ಲದೆ ನೆಟ್ಟಗೆ ಹೋಯಿತು. ಬ್ರೇಕು ತುಳಿದ ಮೇಲೂ ಹಾಗೆಯೇ ಹೋಯಿತು. ಬಳ್ಳಿ ತಿರುವಿಹಾಕುವ ಆಳುಗಳು ಊಟಕ್ಕೆ ಹೋಗಿದ್ದರು, ಅದೊಂದು ಪುಣ್ಯ. ರಸ್ತೆಯಂಚಿನ ಬಂಡೆಗೆ ಕಾರಿನ ಎಡಗಡೆ ಬಡಿಯಿತು. ಎಡಗಡೆ ಕೂತಿದ್ದವಳು ಹೆಂಡತಿ.

ಅವನು ತನ್ನ ಕಡೆಯ ಬಾಗಿಲಿನಿಂದ ಅವಳನ್ನು ಎಳೆದುಕೊಂಡ. ಜೀವಕ್ಕೆ ಅಪಾಯವಿರಲಿಲ್ಲ. ಎಡಗೈ ಮೊಣಕೈಯ ಮೇಲೆ ಮುರಿದು ಜೋತಾಡುತ್ತಿತ್ತು. ಹುರುಳಿಯ ಮೇಲೆಯೇ ಅವಳನ್ನು ಕೂರಿಸಿದ. ಹೆದರಿಕೆಗೆ ಅವನ ಬಾಯಿಂದ ಮೊದಲು ಹೊರಟದ್ದು ಸಿಟ್ಟು.

“ರಸ್ತೆ ತುಂಬ ಬಳ್ಳಿ ಬಿದ್ದಿರೋದು ನಿನಗೂ ಕಾಣ್ತಿತ್ತಲ್ಲ? ನಿಧಾನ ಅಂತ ಒಂದು ಮಾತು ಹೇಳಬಾರದಾಗಿತ್ತಾ?”

ಅವಳ ಮುಖದಲ್ಲಿ ನೋವಿತ್ತು. ಸಿಟ್ಟಿರಲಿಲ್ಲ. ಅವನು ಸಿಟ್ಟಿಗಾಗಿ ಹುಡುಕಿದ, ಎಲ್ಲೂ ಇರಲಿಲ್ಲ.

“ಹೇಳೋದು ಬಿಟ್ಟು ಐದು ತಿಂಗಳಾಯ್ತಲ್ರೀ” ಎಂದಳು. “ನಿಮಗೆ ಗೊತ್ತೇ ಆಗಲಿಲ್ವಾ?”

ಮೂಳೆ ಕೂಡಿತು. ತೌರಿನಲ್ಲಿ ಎರಡು ತಿಂಗಳಿದ್ದು ಅವಳು ಮನೆಗೂ ಬಂದಳು. ಅಡುಗೆ ಮಾಡಿದಳು, ಹೊಲಕ್ಕೆ ಹೋದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಕೇಳದೆ ಒಂದು ಮಾತನ್ನೂ ಆಡಲಿಲ್ಲ.

ರೈತನಿಗೆ ಈಗ ಬೇರೊಂದು ಅಭ್ಯಾಸ ಹತ್ತಿತು. ಬೇಕೆಂದೇ ಕೆಸರುಗಾಲಿನಲ್ಲಿ ಅಡುಗೆಮನೆಗೆ ನುಗ್ಗಿದ. ಅವಳು ನೆಲ ಒರೆಸಿದಳು. ಹೊಸ ಅಂಗಿಗೆ ಗ್ರೀಸು ಮೆತ್ತಿಸಿಕೊಂಡು ಬಂದ. ಅವಳು ಒಗೆದು ಹರವಿದಳು. ಸಾರಿಗೆ ಉಪ್ಪಿಲ್ಲ ಎಂದು ತಟ್ಟೆ ತಳ್ಳಿದ. ಉಪ್ಪಿನ ಭರಣಿಯನ್ನು ತಂದು ಪಕ್ಕದಲ್ಲಿಟ್ಟಳು. ಒಂದು ಬೈಗುಳಕ್ಕಾಗಿ ಅವನು ಒಂದಿಡೀ ಮಳೆಗಾಲ ಕಾದ.

ಕಾರು ರಿಪೇರಿಯಾಗಿ ಬಂದಿತ್ತು. “ಬಾ, ಸಂತೆಗೆ ಹೋಗೋಣ. ತಿರುವಲ್ಲಿ ಮೂವತ್ತು ದಾಟಲ್ಲ, ಆಣೆ” ಎಂದ.

“ನೀವು ಹೋಗ್ಬನ್ನಿ. ನಾನು ಬಸ್ಸಿಗೆ ಬರ್ತೀನಿ.”

ಈಗಲೂ ಹಾಗೆಯೇ. ಅವಳು ಬಸ್ಸಿನಲ್ಲಿ ಹೋಗುತ್ತಾಳೆ. ಅವನು ಬಸ್ಸಿನ ಹಿಂದೆ ನಿಧಾನವಾಗಿ ಕಾರು ಓಡಿಸುತ್ತಾನೆ. ತಿರುವಿನಲ್ಲಿ ಟೈರು ಸುಮ್ಮನಿರುತ್ತದೆ. ಮೊದಲು ಆ ಮೌನ ಕೇಳಿದರೆ ಅವನಿಗೆ ಧೈರ್ಯ ಬರುತ್ತಿತ್ತು. ಈಗ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು.

ಕತೆ ಮುಗಿದಿದೆ ಎಂದು ಖಾತ್ರಿಯಾದ ಮೇಲೆ ಓಬಳೇಶ ಕೇಳಿದ:

“ಅಲ್ಲ ಮೇಷ್ಟ್ರೇ, ಬಳ್ಳಿ ಮೇಲೆ ಟೈರು ಯಾಕೆ ಕೂಗಲಿಲ್ಲ?”

“ಕೂಗಬೇಕಾದರೆ ಹಿಡಿದುಕೊಂಡಿರಬೇಕು. ರಬ್ಬರು ಡಾಂಬರನ್ನು ಬಿಡಲಾರದೆ ಎಳೆದಾಡುವಾಗ ಬರುವ ಸದ್ದು ಅದು. ಬಿಟ್ಟಮೇಲೆ ಯಾಕೆ ಕೂಗುತ್ತದೆ?”

ಓಬಳೇಶ ತಲೆದೂಗಿದ. ಒಕ್ಕಣೆ ಕಾಲದಲ್ಲಿ ತಿರುವಿಗೆ ಮೂವತ್ತು ಎಂದು ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡ. “ಅಷ್ಟೇ ತಾನೇ? ಗೊತ್ತಾಯ್ತು ಬಿಡಿ, ಇನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ” ಎನ್ನುತ್ತ ಎದ್ದ.

ಮೇಷ್ಟ್ರು ತಲೆಯೆತ್ತಿ ಅವನನ್ನು ನೋಡಿದರು.

“ಮನೆಯಲ್ಲಿ ನಿನ್ನನ್ನು ಬೈಯುವವರು ಈಗಲೂ ಯಾರಾದರೂ ಇದ್ದಾರೇನಪ್ಪಾ?”