ಮುಖ ಸವೆದ ಕೀ

ಟೈಪಿಂಗ್ ಕ್ಲಾಸಿನ ಹಳೆ ಕೀಬೋರ್ಡಿನ ‘ಎ’ ಕೀಗೆ ಮುಖದ ಮೇಲೆ ಅಕ್ಷರವೇ ಉಳಿದಿರಲಿಲ್ಲ. ಅದನ್ನು ಹನ್ನೊಂದು ಸಾವಿರ ಮಕ್ಕಳು ಒತ್ತಿದ್ದರು. ಒತ್ತಿದ ಒಟ್ಟು ಲೆಕ್ಕ ಆಕಾಶದ ನಕ್ಷತ್ರಗಳಿಗಿಂತ ಒಂದೇ ಒಂದು ಕಡಿಮೆ, ಬೇಕಾದರೆ ಎಣಿಸಿ ನೋಡಿ. ಈಗ ಶಕುಂತಲಾಬಾಯಿ ಮೇಡಂ ಗುಜರಿ ಸಾಮಾನಿನಿಂದ ಪುಟ್ಟದೊಂದು ಕೀಬೋರ್ಡ್ ಕಟ್ಟುತ್ತಿದ್ದರು. ಖಾಲಿ ಉಳಿದದ್ದು ‘ಎ’ಯ ಜಾಗ ಒಂದೇ. ಅದು ಸಿಗದ ಕೀಗೆ ಮತ್ತೆ ಗುಜರಿ ಚೀಲವೇ ಗತಿ.

ಪಕ್ಕದಲ್ಲಿ, ಯಾವುದೋ ಸಾಹೇಬರ ಕೋಣೆಯಿಂದ ಬಂದ ಇನ್ನೊಂದು ‘ಎ’ ಮಿರಮಿರ ಮಿಂಚುತ್ತಿತ್ತು. “ಅಜ್ಜಿ, ನಿನ್ನ ಹೆಸರೇ ಅಳಿಸಿಹೋಗಿದೆಯಲ್ಲ, ಯಾರು ಗುರುತು ಹಿಡಿಯುತ್ತಾರೆ?” ಎಂದಿತು ಸವೆದ ಕೀಗೆ.

“ಕಿರುಬೆರಳು ಹಿಡಿಯುತ್ತದೆ ಮಗಾ. ಅದಕ್ಕೆ ಓದು ಬರುವುದಿಲ್ಲ.”

ಕಣ್ಣಿಗೆ ಚೆಂದ ಕಂಡಿತೆಂದು ಮೇಡಂ ಮಿಂಚುವುದನ್ನೇ ಕೂರಿಸಿದರು. ಆಮೇಲೆ ಕ್ಲಾಸಿನ ಪದ್ಧತಿಯಂತೆ ಕೀಗಳು ಕಾಣದಂತೆ ಕೈಗಳ ಮೇಲೆ ಟವೆಲ್ ಹೊದಿಸಿಕೊಂಡು ಟೈಪ್ ಮಾಡಿದರು. ಒಮ್ಮೆಯೂ ಒತ್ತಿಸಿಕೊಳ್ಳದೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದಿದ್ದ ಕೀ, ಒಳಗೆ ಹೋದದ್ದು ಮೇಲೆ ಬರಲಿಲ್ಲ. ಅದನ್ನು ಕಿತ್ತು ಸವೆದದ್ದನ್ನು ಕೂರಿಸಿದರು. ಟವೆಲಿನಡಿಯ ಬೆರಳು ಸೀದಾ ಅದರ ಕುಳಿಗೆ ಹೋಗಿ ಕೂತಿತು.

ಚೀಲದ ಬಾಯಲ್ಲಿ ಮಿಂಚುವ ಕೀ ಮುಖ ಚಿಕ್ಕದು ಮಾಡಿತು.

“ಅಳಬೇಡ ಮಗಾ, ನಿನ್ನ ತಪ್ಪೇನಿದೆ?” ಎಂದಿತು ಅಜ್ಜಿ ಕೀ. “ನಿಮ್ಮ ಸಾಹೇಬರು ದಿನಕ್ಕೊಂದು ಸಾಲು ಕೆಲಸ ಮಾಡಿದ್ದರೂ ನಿನಗೂ ನನ್ನ ಚೆಲುವು ಬರುತ್ತಿತ್ತು.”