ಶಾಲು ಹೊದ್ದ ಕಂಪ್ಯೂಟರ್

ಬಳಗದಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಟ್ಟರೂ ಕರೆ ಬರುವುದು ಪ್ರಾಣೇಶನಿಗೆ. ಅವನು ಪಂಚಾಯ್ತಿ ಗುಮಾಸ್ತ, ರಿಪೇರಿ ಪುಕ್ಕಟೆ.

ಆ ಭಾನುವಾರ ಧಾರವಾಡದ ಶೇಷಗಿರಿ ಕಾಕಾ ಕರೆಸಿದರು. ರಿಟೈರಾದ ಹೆಡ್‌ಮಾಸ್ತರ್. ಸ್ಕ್ರೀನಿಗೆ ಶಾಲು ಹೊದಿಸಿ ಕಾವಲು ಕೂತಿದ್ದರು.

"ಭಗವದ್ಗೀತಿಗೆ ಭಾಷ್ಯ ಬರೀಲಿಕ್ಕೆ ಹತ್ತೀನಿ. ಸ್ಕ್ರೀನ್ ಹಂಗ ನಿಂತುಬಿಟ್ಟದ. ಶಾಲು ತಗೀಬ್ಯಾಡ, ಹಂಗ ರಿಪೇರಿ ಮಾಡು. ಈಗಿನವರನ್ನ ನಂಬಲಿಕ್ಕೆ ಬರಂಗಿಲ್ಲ, ನನ್ನ ಭಾಷ್ಯ ಕದ್ದೀಗಿದ್ದೀ."

ಆ ಭಾಷ್ಯದ ಸಲುವಾಗಿ ಮನೆಯಲ್ಲಿ ಮಿಕ್ಸರ್ ಸದ್ದು ಮಾಡುವಂತಿರಲಿಲ್ಲ. ಅವರ ಹೆಂಡತಿ ಕಾಕು ಒರಳಿನಲ್ಲೇ ಚಟ್ನಿ ರುಬ್ಬುತ್ತಿದ್ದರು.

ಪ್ರಾಣೇಶ ಮೇಜು ನೋಡಿದ. ಕೀಬೋರ್ಡಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಮೌಸ್ ಮಾತ್ರ ಸವೆದು ಫಳಫಳ ಹೊಳೆಯುತ್ತಿತ್ತು. ಅವನಿಗೆ ಗುಮಾನಿ ಬಂತು.

ಕಾಕು ಚಹಾ ತಂದಿಡುವವರೆಗೆ ಕಾದ. ಆಮೇಲೆ ಹೇಳಿದ: "ಶಾಲು ಇರ್ಲಿ ಬಿಡ್ರಿ ಕಾಕಾ. ನೀವೇ ಒಳಗ ನೋಡಿ, ಕರೀ ರಾಜಾನ ಮ್ಯಾಲೆ ಕರೀ ರಾಣಿ ಇಡ್ರಿ. ಎಲ್ಲಾ ಸರಿಹೋಗ್ತದ."

ಜೀವಮಾನವಿಡೀ ಮಕ್ಕಳ ತಪ್ಪು ತಿದ್ದಿದ ಕಾಕಾಗೆ ತಡೆಯಲಾಗಲಿಲ್ಲ.

"ದಡ್ಡಾ, ಕರೀದರ ಮ್ಯಾಲೆ ಕರೀದು ಹೆಂಗ ಕೂಡತದೋ? ಕೆಂಪು ರಾಣಿ ಬೇಕು. ಅದು ಬರೋ ಹೊತ್ತಿಗೇ ಈ ಸುಡುಗಾಡು ಕೆಟ್ಟು ಕೂತದ."

ಹೇಳಿದ ಮೇಲೆ ಬಾಯಿಗೆ ಕೈ ಹೋಯಿತು. ಕಾಕು ಗಂಡನ ಮುಂದಿದ್ದ ಚಹಾದ ಕಪ್ಪು ಎತ್ತಿಕೊಂಡರು.

"ಇಸ್ಪೀಟ್ ಆಟ ಗೀತಾದಾಗ ಎಷ್ಟನೇ ಅಧ್ಯಾಯರೀ?"

ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಮಿಕ್ಸರ್ ಹಾಕಿದರು.